ಸೈಕಲ್ ವೀರ ಆಲ್ಬರ್ಟ್ ರಿಕ್ಟರ್

ಕ್ರೀಡಾಂಗಣದಲ್ಲಿ ಗೆದ್ದವರ ಹೆಸರು ದಾಖಲೆಗಳಲ್ಲಿ ಉಳಿಯುವುದು ಸಹಜ. ಆದರೆ ಏಳು ಬಾರಿ ರಾಷ್ಟ್ರವಿಜೇತನಾದವನೊಬ್ಬನ ಹೆಸರನ್ನು ಅವನ ನಾಡಿನವರೇ ಅಳಿಸಿಹಾಕಲು ಹೊರಟ ಪ್ರಸಂಗವೂ ಉಂಟು. ಅವನೇ ಜರ್ಮನಿಯ ಸೈಕಲ್ ಪಟು ಆಲ್ಬರ್ಟ್ ರಿಕ್ಟರ್.

ರಿಕ್ಟರ್ 1912ರ ಅಕ್ಟೋಬರ್ 14ರಂದು ಕೊಲೋನ್ ನಗರದ ಏರನ್‌ಫೆಲ್ಡ್ ಎಂಬ ಬಡಾವಣೆಯಲ್ಲಿ ಜನಿಸಿದನು. ತಂದೆಯದು ಪ್ಲಾಸ್ಟರಿನ ಬೊಂಬೆಗಳನ್ನು ಮಾಡುವ ಕಸುಬು. ಮಗನೂ ಅದನ್ನೇ ಕಲಿತನು. ಆದರೆ ಅವನ ಮನಸ್ಸು ಸೈಕಲ್ಲಿನ ಮೇಲಿತ್ತು. ತಂದೆಗೆ ಇದು ಹಿಡಿಸದಿದ್ದುದರಿಂದ ಅವನು ಗುಟ್ಟಾಗಿ ಅಭ್ಯಾಸ ಮಾಡಬೇಕಾಯಿತು. ಅವನ ಪ್ರತಿಭೆಯನ್ನು ಗುರುತಿಸಿ ಕೈಹಿಡಿದು ನಡೆಸಿದವನು ಎರ್ನ್ಸ್ಟ್ ಬರ್ಲಿನರ್. ಬರ್ಲಿನರ್ ಹಿಂದೆ ತಾನೂ ಸೈಕಲ್ ಪಟುವಾಗಿದ್ದವನು, ಹುಟ್ಟಿನಿಂದ ಯಹೂದಿ.

ರಿಕ್ಟರನ ಕ್ಷೇತ್ರ ಸ್ಪ್ರಿಂಟ್ ಪಂದ್ಯ. ಇದರಲ್ಲಿ ಸವಾರರು ಇಳಿಜಾರಾದ ವರ್ತುಲ ಪಥದಲ್ಲಿ ಮೊದಲು ಪರಸ್ಪರರ ನಡೆಯನ್ನು ಗಮನಿಸುತ್ತ ನಿಧಾನವಾಗಿ ಸುತ್ತುವರು. ಕಡೆಯ 200 ಮೀಟರುಗಳಲ್ಲಿ ಬಾಣದಂತೆ ನುಗ್ಗುವರು. ಆ ಸೈಕಲ್ಲಿಗೆ ಬ್ರೇಕುಗಳೇ ಇರುವುದಿಲ್ಲ. ಕಾಲಿನ ಬಲದಷ್ಟೇ ಚಿತ್ತದ ಸ್ಥಿರತೆಯೂ ಇಲ್ಲಿ ಅಗತ್ಯ. 1932ರಲ್ಲಿ ರೋಮ್ ನಗರದಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ರಿಕ್ಟರ್ ಹವ್ಯಾಸಿಗಳ ವಿಭಾಗದ ವಿಜೇತನಾದನು. ಅನಂತರ ವೃತ್ತಿಪರನಾಗಿ 1933ರಿಂದ 1939ರವರೆಗೆ ಪ್ರತಿ ವರ್ಷವೂ ಜರ್ಮನಿಯ ಪ್ರಶಸ್ತಿಯನ್ನು ಗಳಿಸಿದನು. ಬೆಲ್ಜಿಯಮಿನ ಯೆಫ್ ಶೆರನ್ಸ್, ಫ್ರಾನ್ಸಿನ ಲೂಯಿ ಜೆರಾರ್ದಾಂ ಅವನಿಗೆ ಎದುರಾಳಿಗಳೂ ಹೌದು, ಆಪ್ತ ಗೆಳೆಯರೂ ಹೌದು. ಫ್ರೆಂಚರು ಅವನನ್ನು ಎಂಟು ಸಿಲಿಂಡರಿನ ಜರ್ಮನ್ ಯಂತ್ರವೆಂದು ಮೆಚ್ಚಿ ಕರೆದರು.

1933ರಲ್ಲಿ ಹಿಟ್ಲರನ ನಾಜಿ ಪಕ್ಷ ಜರ್ಮನಿಯ ಅಧಿಕಾರವನ್ನು ಹಿಡಿಯಿತು. ಯಹೂದಿಗಳ ಮೇಲೆ ದಬ್ಬಾಳಿಕೆ ಆರಂಭವಾಯಿತು. ಬರ್ಲಿನರನನ್ನು ಕೈಬಿಟ್ಟಿದ್ದರೆ ರಿಕ್ಟರನಿಗೆ ಸರ್ಕಾರದ ಮನ್ನಣೆ ಸುಲಭವಾಗಿ ದೊರೆಯುತ್ತಿತ್ತು. ಅವನು ತನ್ನ ಗುರುವನ್ನು ಬಿಡಲಿಲ್ಲ. 1934ರಲ್ಲಿ ಹ್ಯಾನೋವರಿನಲ್ಲಿ ತೆಗೆದ ಒಂದು ಛಾಯಾಚಿತ್ರವಿದೆ. ಅದರಲ್ಲಿ ಸುತ್ತಲಿನವರೆಲ್ಲ ಕೈ ಮುಂಚಾಚಿ ನಾಜಿ ವಂದನೆ ಸಲ್ಲಿಸುತ್ತಿದ್ದಾರೆ. ರಿಕ್ಟರನ ಕೈಗಳು ಮಾತ್ರ ಕೆಳಗೇ ಇವೆ. ಸ್ವಸ್ತಿಕದ ಗುರುತುಳ್ಳ ಅಂಗಿಯ ಬದಲು ಹಳೆಯ ಹದ್ದಿನ ಗುರುತುಳ್ಳ ಅಂಗಿಯನ್ನೇ ಅವನು ಧರಿಸುತ್ತಿದ್ದನು. 1937ರಲ್ಲಿ ಬರ್ಲಿನರ್ ಜೀವಭಯದಿಂದ ನೆದರ್‌ಲ್ಯಾಂಡಿಗೆ ಓಡಿಹೋಗಬೇಕಾಯಿತು. ಆಗಲೂ ಅವರ ಸ್ನೇಹ ಕಡಿಯಲಿಲ್ಲ.

1939ರಲ್ಲಿ ಮಹಾಯುದ್ಧ ಆರಂಭವಾಯಿತು. ಡಿಸೆಂಬರಿನಲ್ಲಿ ಬರ್ಲಿನಿನಲ್ಲಿ ನಡೆದ ಪಂದ್ಯವನ್ನು ಗೆದ್ದ ರಿಕ್ಟರ್, ತಿಂಗಳ ಕೊನೆಯ ದಿನ ಸ್ವಿಟ್ಜರ್ಲೆಂಡಿಗೆ ಹೋಗುವ ರೈಲನ್ನೇರಿದನು. ಅವನ ಸೈಕಲ್ಲಿನ ಟೈರುಗಳೊಳಗೆ 12,700 ಮಾರ್ಕುಗಳಿದ್ದವು. ಅದು ದೇಶ ಬಿಟ್ಟುಹೋಗಿದ್ದ ಒಬ್ಬ ಯಹೂದಿ ಪರಿಚಿತನ ಹಣ. ಅದನ್ನು ಹೊರಗೊಯ್ಯುವುದು ಅಂದಿನ ಕಾನೂನಿನಂತೆ ಅಪರಾಧವೆಂಬುದನ್ನು ರಿಕ್ಟರ್ ಅರಿಯದವನಲ್ಲ. ಗಡಿಯಲ್ಲಿ ಅಧಿಕಾರಿಗಳು ಟೈರುಗಳನ್ನು ಸೀಳಿ ಹಣವನ್ನು ಹೊರತೆಗೆದು ಅವನನ್ನು ಬಂಧಿಸಿದರು. ಎರಡೇ ದಿನಗಳಲ್ಲಿ, 1940ರ ಜನವರಿ 2ರಂದು, ಲೋರಾಖ್ ಊರಿನ ಸೆರೆಮನೆಯಲ್ಲಿ ಅವನು ಹೆಣವಾಗಿದ್ದನು. ಆಗ ಅವನ ವಯಸ್ಸು ಕೇವಲ 27. ಅಧಿಕಾರಿಗಳು ಅದನ್ನು ಆತ್ಮಹತ್ಯೆಯೆಂದು ಸಾರಿದರು. ಅವನನ್ನು ಬಲ್ಲವರು ನಂಬಲಿಲ್ಲ. ಸೈಕಲ್ ಪಟುಗಳ ಬಳಗದಿಂದ ಅವನ ಹೆಸರನ್ನು ಅಳಿಸಲಾಯಿತೆಂಬ ಪ್ರಕಟಣೆಯೂ ಹೊರಟಿತು.

ಯುದ್ಧ ಮುಗಿದ ಮೇಲೆ ಬರ್ಲಿನರ್ ತನ್ನ ಶಿಷ್ಯನ ಸಾವಿನ ತನಿಖೆಗಾಗಿ ಹೋರಾಡಿದನು. ಆದರೆ ಯಾರಿಗೂ ಶಿಕ್ಷೆಯಾಗಲಿಲ್ಲ. ರಿಕ್ಟರನ ಹೆಸರು ಮಾತ್ರ ಮರಳಿ ಬಂದಿತು. ಇಂದು ಕೊಲೋನಿನ ಸೈಕಲ್ ಕ್ರೀಡಾಂಗಣ ಅವನ ಹೆಸರನ್ನೇ ಹೊತ್ತಿದೆ. ಅಳಿಸಿದವರ ಹೆಸರುಗಳು ಮರೆಯಾದವು. ಎಲ್ಲರ ಕೈಗಳೂ ಮೇಲೆದ್ದಾಗ ತನ್ನ ಕೈಯನ್ನು ಎತ್ತದೆ ನಿಂತವನ ಹೆಸರು ಉಳಿಯಿತು.