ಕನ್ನಂಬಾಡಿಯ ಕಟ್ಟೆ ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರು

ಉಪಗ್ರಹವು ತೆಗೆದ ಚಿತ್ರದಲ್ಲಿ ಕೃಷ್ಣರಾಜಸಾಗರವನ್ನು ನೋಡಿದರೆ, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವೆಡೆಯಲ್ಲಿ ನೀರು ಕಣಿವೆ ಕಣಿವೆಗೂ ಬೆರಳು ಚಾಚಿರುವುದು ಕಾಣುತ್ತದೆ. ಅಂಚುಗಳೆಲ್ಲ ಅಂಕುಡೊಂಕು, ಒಂದೆಡೆ ಮಾತ್ರ ಮನುಷ್ಯನ ಕೈ ಎಳೆದ ಗೆರೆಯಿದೆ. ಅದರ ಕೆಳಗೆ ಮಂಡ್ಯದ ಹಸಿರು. ಯಲವಿಗಿಯಿಂದ ಮೈಸೂರಿಗೆ ಪ್ರವಾಸ ಹೋಗುವ ಮಕ್ಕಳು ಬೃಂದಾವನದ ಕಾರಂಜಿಗಳನ್ನು ಕಂಡು ಹಿಗ್ಗಿ ಮರಳುತ್ತಾರೆ. ಆ ಉದ್ಯಾನ ಮಿರ್ಜಾ ಇಸ್ಮಾಯಿಲರ ಕಾಲದ್ದು. ಗೆರೆ ಎಳೆದವರ ಕಥೆ ಅದಕ್ಕಿಂತ ಹಿಂದಿನದು.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯ ಬಡ ವೈದಿಕ ಕುಟುಂಬದಲ್ಲಿ ಹುಟ್ಟಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಆದರು. ಪುಣೆಯಲ್ಲಿ ಇಂಜಿನಿಯರಿಂಗ್ ಪರೀಕ್ಷೆ ಮುಗಿಸಿ, 1884ರಲ್ಲಿ ನಮ್ಮ ಧಾರವಾಡ ಸೀಮೆಯೂ ಸೇರಿದ್ದ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. 1903ರಲ್ಲಿ ಖಡಕವಾಸ್ಲಾ ಜಲಾಶಯಕ್ಕೆ ಅವರು ಜೋಡಿಸಿದ ಸ್ವಯಂಚಾಲಿತ ಬಾಗಿಲುಗಳು, ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಿದವು. ಪ್ರವಾಹ ಮಿತಿಮೀರಿದಾಗ ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಕೊಚ್ಚಿದ ಮೇಲೆ ಆ ನಗರದ ರಕ್ಷಣೆಗೆ ಯೋಜನೆ ಕೊಟ್ಟವರೂ ಅವರೇ. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾದರು.

ಅಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿತ್ತು. ಬೇಸಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳೂ ಸೊರಗುತ್ತಿದ್ದವು. ಮಂಡ್ಯದ ರೈತನಂತೂ ಆಕಾಶ ನೋಡುತ್ತ ಕೂರಬೇಕಿತ್ತು. ಕನ್ನಂಬಾಡಿಯ ಬಳಿ ಕಟ್ಟೆ ಕಟ್ಟಿದರೆ ಎರಡಕ್ಕೂ ಪರಿಹಾರವೆಂಬುದು ಅವರ ಎಣಿಕೆ. ಹಣಕಾಸಿನವರು ವೆಚ್ಚಕ್ಕೆ ಹಿಂಜರಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಸಮ್ಮತಿಯಿತ್ತ ಮೇಲೆ 1911ರಲ್ಲಿ ಕೆಲಸ ಆರಂಭವಾಯಿತು. ತಮ್ಮ ಕಾವೇರಿ ನೀರಿಗೆ ಕುತ್ತು ಬರುವುದೆಂದು ಮದರಾಸು ಸರಕಾರ ತಕರಾರು ಹೂಡಿತ್ತು. ಮೊದಲ ಹಂತದಲ್ಲಿ 80 ಅಡಿ ಎತ್ತರಕ್ಕೆ ಮಾತ್ರ ಒಪ್ಪಿಗೆ ದೊರೆಯಿತು. ವಿಶ್ವೇಶ್ವರಯ್ಯನವರಾದರೋ 124 ಅಡಿಯ ಕಟ್ಟೆಯನ್ನು ಹೊರಬಲ್ಲ ಅಗಲದ ಅಡಿಪಾಯವನ್ನೇ ಹಾಕಿಸಿದರು. ಇದು ದೂರದೃಷ್ಟಿಯೋ, ಮೊಂಡುತನವೋ! ಮುಂದಿನ ಅನುಮತಿ ದೊರೆಯದಿದ್ದರೆ ರಾಜ್ಯದ ಹಣ ಮಣ್ಣುಪಾಲಾಗುತ್ತಿತ್ತು. ವ್ಯಾಜ್ಯ 1914ರಲ್ಲಿ ಗ್ರಿಫಿನ್ನರ ಪಂಚಾಯಿತಿಗೆ ಹೋಗಿ, ಅಲ್ಲಿಯೂ ಮುಗಿಯದೆ, 1924ರ ಒಪ್ಪಂದದವರೆಗೆ ಎಳೆಯಿತು. ಅಷ್ಟರಲ್ಲಿ ಸಿಮೆಂಟಿಗೆ ಬದಲಾಗಿ ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲಿನ ಮೇಲೆ ಕಲ್ಲು ಏರುತ್ತಲೇ ಇತ್ತು.

1912ರಿಂದ 1918ರವರೆಗೆ ದಿವಾನರಾಗಿದ್ದಾಗ ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯ, ಸಾಹಿತ್ಯ ಪರಿಷತ್ತುಗಳು ಹುಟ್ಟಿದವು. ಆದರೆ ಬ್ರಾಹ್ಮಣೇತರರಿಗೆ ಸರಕಾರಿ ಉದ್ಯೋಗದಲ್ಲಿ ಪಾಲು ದೊರಕಿಸುವ ಕುರಿತು ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ, ಅದನ್ನು ಒಪ್ಪದೆ ಪದವಿ ತ್ಯಜಿಸಿದರು. ಅರ್ಹತೆಯೊಂದೇ ಅಳತೆಯಾಗಬೇಕೆಂಬುದು ಅವರ ನಂಬಿಕೆ. ಹಳ್ಳಿಯ ಮನೆಯಿಂದ ಮೊದಲ ತಲೆಮಾರಿಗೆ ಶಾಲೆಯ ಮೆಟ್ಟಿಲೇರಿದವರಿಗೆ ಈ ಮಾತು ಒಪ್ಪಿತವಾಗುವುದು ಕಷ್ಟ. ಬಡತನವನ್ನು ಬಲ್ಲ ಅವರು ಜಾತಿಯ ಗೋಡೆಯನ್ನು ಅಷ್ಟಾಗಿ ಎಣಿಸಲಿಲ್ಲವೆಂದೇ ಈ ಲೇಖಕನ ಭಾವನೆ.

ಕಟ್ಟೆಯು 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಉದ್ದ ಸುಮಾರು 8,600 ಅಡಿ; ಸಂಗ್ರಹ 49 ಟಿ.ಎಂ.ಸಿ.ಗೂ ಮಿಗಿಲು. ಅರ್ವಿನ್ ನಾಲೆಯೆಂದು ಕರೆಯಿಸಿಕೊಂಡ ಕಾಲುವೆಗೆ ಮುಂದೆ ಅವರದೇ ಹೆಸರಾಯಿತು. ಇತ್ತ ಹಳೆಯ ಕನ್ನಂಬಾಡಿ ಮುಳುಗಿತು. ಅಲ್ಲಿಯ ವೇಣುಗೋಪಾಲನ ಗುಡಿ, ನೀರು ಇಳಿದ ಬೇಸಗೆಗಳಲ್ಲಿ ಮಾತ್ರ ತಲೆಯೆತ್ತುತ್ತಿತ್ತು; ಈಚಿನ ವರ್ಷಗಳಲ್ಲಿ ಅದನ್ನು ಬಿಚ್ಚಿ ತಂದು ದಡದ ಮೇಲೆ ಮತ್ತೆ ಜೋಡಿಸಿದ್ದಾರೆ.

1955ರಲ್ಲಿ ಅವರಿಗೆ ಭಾರತರತ್ನ ಸಂದಿತು. 1960ರಲ್ಲಿ ದೇಶವು ಅವರ ಶತಮಾನೋತ್ಸವವನ್ನು ಆಚರಿಸಿ, ಅವರಿರುವಾಗಲೇ ಅಂಚೆಚೀಟಿಯನ್ನು ಹೊರಡಿಸಿತು. 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿಯಿರುವುದು ಮುದ್ದೇನಹಳ್ಳಿಯಲ್ಲಿ.