ಲಾರಾ ಬ್ರಿಜ್‌ಮನ್: ಇಂದ್ರಿಯ, ಭಾಷೆ ಮತ್ತು ಮನಸ್ಸು

1

ಮನಸ್ಸು ಇಂದ್ರಿಯಾನುಭವದಿಂದಲೇ ರೂಪುಗೊಳ್ಳುವಂಥದ್ದೇ, ಅಥವಾ ಇಂದ್ರಿಯಗಳಿಗೂ ಮೊದಲೇ ಇದ್ದು ಅವುಗಳನ್ನು ಕೇವಲ ಬಾಗಿಲುಗಳನ್ನಾಗಿ ಬಳಸಿಕೊಳ್ಳುವಂಥದ್ದೇ ಎಂಬುದು ಜ್ಞಾನಮೀಮಾಂಸೆಯ ಹಳೆಯ ಪ್ರಶ್ನೆಗಳಲ್ಲೊಂದು. ಹನ್ನೊಂದನೆಯ ಶತಮಾನದಲ್ಲಿ ಇಬ್ನ್ ಸೀನಾ ಶೂನ್ಯದಲ್ಲಿ ತೇಲುತ್ತಿರುವ, ಏನನ್ನೂ ಕಾಣದ, ಕೇಳದ, ತನ್ನ ಅಂಗಾಂಗಗಳನ್ನೂ ಮುಟ್ಟಲಾಗದ ಮನುಷ್ಯನೊಬ್ಬನನ್ನು ಕಲ್ಪಿಸಿ, ತಾನು ಇದ್ದೇನೆಂಬ ಅರಿವು ಅವನಿಗೂ ಇರುತ್ತದೆ ಎಂದು ವಾದಿಸಿದ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಜಾನ್ ಲಾಕ್ ಇದಕ್ಕೆ ತೀರ ಭಿನ್ನವಾದ ದಾರಿ ಹಿಡಿದು, ಹುಟ್ಟಿನಲ್ಲಿ ಮನಸ್ಸು ಏನನ್ನೂ ಬರೆಯದ ಹಾಳೆಯಂತಿರುತ್ತದೆಂದೂ ಅನುಭವವೇ ಅದರ ಮೇಲೆ ಬರೆಯುತ್ತದೆಂದೂ ಪ್ರತಿಪಾದಿಸಿದ. 1754ರಲ್ಲಿ ಫ್ರಾನ್ಸಿನ ಕೊಂಡಿಯಾಕ್ ಸಂವೇದನೆಗಳನ್ನು ಕುರಿತ ತನ್ನ ಗ್ರಂಥದಲ್ಲಿ ಪ್ರತಿಮೆಯೊಂದನ್ನು ಕಲ್ಪಿಸಿಕೊಂಡು, ಅದಕ್ಕೆ ಮೊದಲು ಘ್ರಾಣವನ್ನು, ಅನಂತರ ಉಳಿದ ಇಂದ್ರಿಯಗಳನ್ನು ಒಂದೊಂದಾಗಿ ಕೊಡುತ್ತ, ಸ್ಮರಣೆ, ತುಲನೆ, ಇಚ್ಛೆಗಳೆಲ್ಲ ಸಂವೇದನೆಯಿಂದಲೇ ಹುಟ್ಟುವ ಬಗೆಯನ್ನು ತೋರಿಸಲು ಯತ್ನಿಸಿದ.

ಇವೆಲ್ಲವೂ ಕಲ್ಪಿತ ಪ್ರಯೋಗಗಳು. ತತ್ತ್ವಜಿಜ್ಞಾಸೆಯ ಸಲುವಾಗಿ ಮಗುವೊಂದನ್ನು ಇಂದ್ರಿಯಹೀನವಾಗಿಸುವುದು ಯಾವ ನಾಗರಿಕ ಸಮಾಜಕ್ಕೂ ಒಪ್ಪಿತವಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕೆಯಲ್ಲಿ ರೋಗವೊಂದು ಆ ಪ್ರಯೋಗವನ್ನು ಬಹುಮಟ್ಟಿಗೆ ನಡೆಸಿಬಿಟ್ಟಿತು. ಅದಕ್ಕೆ ಈಡಾದವಳು ಲಾರಾ ಬ್ರಿಜ್‌ಮನ್. ಹೆಲೆನ್ ಕೆಲರ್‌ಳ ಹೆಸರು ಇಂದು ಮನೆಮಾತಾಗಿರುವುದರಿಂದ, ಆಕೆಗಿಂತ ಐವತ್ತು ವರ್ಷ ಮೊದಲು ಹುಟ್ಟಿ ಅದೇ ದಾರಿಯನ್ನು ಮೊದಲು ತುಳಿದ ಲಾರಾಳ ಬದುಕು ಮರೆಗೆ ಸರಿದಿದೆ. ಮನಸ್ಸಿನ ಪ್ರಶ್ನೆಯ ದೃಷ್ಟಿಯಿಂದ ನೋಡಿದರೆ ಲಾರಾಳ ಬದುಕೇ ಹೆಚ್ಚು ತೀಕ್ಷ್ಣವಾದ ನಿದರ್ಶನ.

2

ಲಾರಾ ಹುಟ್ಟಿದ್ದು 1829ರ ಡಿಸೆಂಬರ್ 21ರಂದು, ನ್ಯೂ ಹ್ಯಾಂಪ್‌ಶೈರ್ ಪ್ರಾಂತ್ಯದ ಹ್ಯಾನೋವರ್ ಊರಿನ ಒಕ್ಕಲು ಮನೆತನದಲ್ಲಿ. ತಂದೆ ಡೇನಿಯಲ್, ತಾಯಿ ಹಾರ್ಮನಿ. ಮಗುವಿಗೆ ಎರಡು ವರ್ಷ ತುಂಬಿದ ಸುಮಾರಿಗೆ ಸ್ಕಾರ್ಲೆಟ್ ಜ್ವರ ಮನೆಯನ್ನು ಹೊಕ್ಕಿತು. ಲಾರಾಳ ಇಬ್ಬರು ಅಕ್ಕಂದಿರು ತೀರಿಕೊಂಡರು. ಲಾರಾ ಬದುಕುಳಿದಳು; ಆದರೆ ಆಕೆಯ ಕೇಳ್ಮೆ ಪೂರ್ತಿ ಹೋಯಿತು, ಎಡಗಣ್ಣು ಕುರುಡಾಯಿತು, ವಾಸನೆ ಇಲ್ಲವಾಯಿತು, ರುಚಿ ಬಹುಪಾಲು ನಶಿಸಿತು. ಬಲಗಣ್ಣಿನಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಬೆಳಕಿನ ಅರಿವೂ ಎಂಟನೆಯ ವರ್ಷದ ಹೊತ್ತಿಗೆ ಅಳಿಯಿತು. ಜ್ವರಕ್ಕೆ ಮೊದಲು ಕಲಿತಿದ್ದ ಒಂದೆರಡು ಮಾತುಗಳೂ ಮರೆತುಹೋದವು. ಹೊರ ಜಗತ್ತಿನೊಡನೆ ಆಕೆಯನ್ನು ಬೆಸೆದಿದ್ದುದು ಸ್ಪರ್ಶವೊಂದೇ.

ಆದರೂ ಆ ಮಗು ಜಡವಾಗಿರಲಿಲ್ಲವೆಂಬುದು ಗಮನಾರ್ಹ. ತಾಯಿಯ ಸೆರಗು ಹಿಡಿದು ಮನೆಯೆಲ್ಲ ಸುತ್ತಿ, ತಾಯಿಯ ಕೈಗಳು ಮಾಡುವ ಕೆಲಸವನ್ನು ತಡವಿ ನೋಡಿ ಅನುಕರಿಸುತ್ತಿದ್ದಳು. ಹೆಣಿಗೆಯನ್ನೂ ಹೊಲಿಗೆಯನ್ನೂ ಅಷ್ಟಿಷ್ಟು ಕಲಿತಿದ್ದಳು. ತಳ್ಳಿದರೆ ಹೋಗೆಂದು, ಎಳೆದರೆ ಬಾ ಎಂದು ಅರ್ಥ. ಇಂಥ ಕೆಲವು ಮನೆಯ ಸಂಜ್ಞೆಗಳು ಬೆಳೆದಿದ್ದವು. ತಂದೆ ನೆಲವನ್ನು ಕಾಲಿನಿಂದ ಒದೆದರೆ ಅದರ ಕಂಪನದಿಂದಲೇ ಸಿಟ್ಟನ್ನು ಅರಿಯುತ್ತಿದ್ದಳು. ಏಸಾ ಟೆನಿ ಎಂಬ ವೃದ್ಧ ನೆರೆಯವನೊಬ್ಬ ಆಕೆಯನ್ನು ಹೊಲ, ತೋಪುಗಳಲ್ಲಿ ತಿರುಗಾಡಿಸುತ್ತಿದ್ದ. ಅಂದರೆ ಭಾಷೆಗೆ ಮೊದಲೇ ಅಲ್ಲಿ ಪ್ರೀತಿ, ಹಠ, ಕುತೂಹಲ, ಅನುಕರಣೆಗಳು ಇದ್ದವು. ಆದರೆ ದೇಹ ಬೆಳೆದಂತೆ ಹಠವೂ ಬೆಳೆದು, ತಂದೆಯ ಬಲವಲ್ಲದೆ ಬೇರಾವುದೂ ಆಕೆಯನ್ನು ತಡೆಯಲಾರದ ಸ್ಥಿತಿ ಬಂದಿತ್ತು.

3

ಡಾರ್ಟ್‌ಮತ್ ಕಾಲೇಜಿನ ವೈದ್ಯಕೀಯ ವಿಭಾಗದ ರೂಬೆನ್ ಮಸ್ಸಿ ಬರೆದ ವರದಿಯೊಂದು ಬಾಸ್ಟನ್ನಿನ ಅಂಧರ ಶಾಲೆಯ ನಿರ್ದೇಶಕ ಸ್ಯಾಮ್ಯುಯೆಲ್ ಗ್ರಿಡ್ಲಿ ಹೌನ ಕಣ್ಣಿಗೆ ಬಿತ್ತು. ಗ್ರೀಕರ ಸ್ವಾತಂತ್ರ್ಯ ಯುದ್ಧದಲ್ಲಿ ವೈದ್ಯನಾಗಿ ದುಡಿದು ಬಂದಿದ್ದ ಹೌ ಸುಧಾರಣಾವಾದಿ. ಜೊತೆಗೆ ಮಿದುಳಿನ ಬೇರೆ ಬೇರೆ ಭಾಗಗಳಲ್ಲಿ ಹುಟ್ಟುಶಕ್ತಿಗಳು ನೆಲೆಸಿವೆಯೆಂದು ಹೇಳುತ್ತಿದ್ದ ಅಂದಿನ ಕಪಾಲಶಾಸ್ತ್ರದಲ್ಲಿ ನಂಬಿಕೆಯಿಟ್ಟವನು. ಆ ಶಾಸ್ತ್ರ ಮುಂದೆ ಹುರುಳಿಲ್ಲದ್ದೆಂದು ತಿರಸ್ಕೃತವಾಯಿತು. ಆದರೆ ಹೌನ ಸಂಕಲ್ಪಕ್ಕೆ ಅದೇ ಪ್ರೇರಣೆಯಾಗಿತ್ತು. ಮನಸ್ಸು ಬರಿಯ ಬಿಳಿ ಹಾಳೆಯಲ್ಲ, ಇಂದ್ರಿಯಗಳು ಮುಚ್ಚಿದ್ದರೂ ಒಳಗೆ ಪೂರ್ಣ ಮಾನವಚೇತನ ಕಾದಿರುತ್ತದೆ ಎಂಬುದನ್ನು ಲಾರಾಳ ಮೂಲಕ ಸಾಧಿಸಿ ತೋರಿಸುವ ಆಸೆ ಆತನದಾಗಿತ್ತು. 1837ರ ಅಕ್ಟೋಬರಿನಲ್ಲಿ, ಎಂಟು ವರ್ಷ ತುಂಬುವ ಮೊದಲೇ, ಲಾರಾ ಮುಂದೆ ಪರ್ಕಿನ್ಸ್ ಸಂಸ್ಥೆಯೆಂದು ಪ್ರಸಿದ್ಧವಾದ ಆ ಶಾಲೆಗೆ ಬಂದಳು.

ಹೌನ ಮುಂದೆ ಎರಡು ದಾರಿಗಳಿದ್ದವು. ಮನೆಯಲ್ಲಿ ಬೆಳೆದಿದ್ದ ಸಹಜ ಸಂಜ್ಞೆಗಳನ್ನೇ ಹಿಗ್ಗಿಸುವುದು ಒಂದು. ವಸ್ತುವಿಗೂ ತನಗೂ ಯಾವ ಹೋಲಿಕೆಯೂ ಇಲ್ಲದ, ಅಕ್ಷರಗಳಿಂದಾದ ಯಾದೃಚ್ಛಿಕ ಸಂಕೇತವನ್ನು ಕಲಿಸುವುದು ಇನ್ನೊಂದು. ಮೊದಲನೆಯದು ಸುಲಭ, ಆದರೆ ಅದರ ವ್ಯಾಪ್ತಿ ಕಿರಿದೆಂದು ಹೌ ಭಾವಿಸಿದ. ಎರಡನೆಯದು ಕಷ್ಟ, ಆದರೆ ಸಾಧ್ಯವಾದರೆ ಮಿತಿಯಿಲ್ಲದ್ದು. ಆತ ಎರಡನೆಯದನ್ನು ಆರಿಸಿಕೊಂಡ. ಚಾಕು, ಚಮಚ, ಕೀಲಿಕೈ, ಪುಸ್ತಕ ಮುಂತಾದ ವಸ್ತುಗಳಿಗೆ ಉಬ್ಬಕ್ಷರದಲ್ಲಿ ಹೆಸರು ಮುದ್ರಿಸಿದ ಚೀಟಿಗಳನ್ನು ಅಂಟಿಸಲಾಯಿತು. ಬಿಡಿ ಚೀಟಿಯನ್ನು ಅದಕ್ಕೆ ತಕ್ಕ ವಸ್ತುವಿನ ಮೇಲಿಡುವುದನ್ನು ಲಾರಾ ಕಲಿತಳು. ಅನಂತರ ಪದವನ್ನು ಅಕ್ಷರಗಳಾಗಿ ಒಡೆದು ಕೊಟ್ಟು, ಮತ್ತೆ ಜೋಡಿಸಲು ಕಲಿಸಲಾಯಿತು. ವಾರಗಟ್ಟಲೆ ಇದು ಅನುಕರಣೆಯಷ್ಟೇ ಆಗಿತ್ತು. ಸಾಕಿದ ಪ್ರಾಣಿಯೊಂದು ಮೆಚ್ಚುಗೆಯ ತಟ್ಟುವಿಕೆಗಾಗಿ ಮಾಡುವ ಕೆಲಸಕ್ಕಿಂತ ಬೇರೆಯಾಗಿರಲಿಲ್ಲ. ಒಂದು ಹಂತದಲ್ಲಿ, ತನ್ನ ಮನಸ್ಸಿನಲ್ಲಿರುವುದಕ್ಕೆ ತಾನೇ ಗುರುತೊಂದನ್ನು ಮಾಡಿ ಇನ್ನೊಂದು ಮನಸ್ಸಿಗೆ ತೋರಿಸಬಹುದೆಂಬುದು ಆಕೆಗೆ ಹೊಳೆಯಿತು. ಆ ಅರಿವು ಮುಖದ ಮೇಲೆ ಮೂಡಿದ ಕ್ಷಣವನ್ನು ತಾನು ಗುರುತಿಸಬಲ್ಲೆನೆಂದು ಹೌ ತನ್ನ ವರದಿಯಲ್ಲಿ ದಾಖಲಿಸಿದ್ದಾನೆ.

ಬಳಿಕ ಲಾರಾ ಕೈಬೆರಳ ಅಕ್ಷರಮಾಲೆಯನ್ನು ಕಲಿತಳು. ಎದುರಿನವರ ಅಂಗೈಯಲ್ಲಿ ಬೆರಳಿನಿಂದ ಅಕ್ಷರಗಳನ್ನು ಮೂಡಿಸುವುದೇ ಮಾತಾಯಿತು. ಕಲಿಕೆಯ ಕ್ರಮವೂ ಭಾಷಾಭ್ಯಾಸಿಗಳಿಗೆ ಕುತೂಹಲಕರವಾಗಿದೆ. ಮೊದಲು ವಸ್ತುಗಳ ಹೆಸರು. ಆಮೇಲೆ ಗಟ್ಟಿ, ಮೆದು ಎಂಬಂಥ ಗುಣವಾಚಕಗಳು. ಅನಂತರ ಉಂಗುರವನ್ನು ಪೆಟ್ಟಿಗೆಯ ಮೇಲಿಟ್ಟು, ಒಳಗಿಟ್ಟು ಕಲಿಸಿದ ಸ್ಥಾನಸಂಬಂಧಗಳು. ಮುಟ್ಟಲಾಗುವ ವಸ್ತುವಿನಿಂದ ಮುಟ್ಟಲಾಗದ ಸಂಬಂಧದತ್ತ ಹೋಗುವ ಈ ದಾರಿಯಲ್ಲಿ ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಕಷ್ಟವಾಗಿತ್ತು. 1839ರಲ್ಲಿ ಆಕೆ ಪೆನ್ಸಿಲಿನಿಂದ ಬರೆಯಲು ತೊಡಗಿದಳು.

4

ಹೌನ ವಾರ್ಷಿಕ ವರದಿಗಳ ಮೂಲಕ ಲಾರಾಳ ಹೆಸರು ಅಟ್ಲಾಂಟಿಕ್ ಸಾಗರದಾಚೆಗೂ ಹರಡಿತು. 1842ರ ಜನವರಿಯಲ್ಲಿ ಚಾರ್ಲ್ಸ್ ಡಿಕನ್ಸ್ ಬಾಸ್ಟನ್ನಿಗೆ ಬಂದು ಆಕೆಯನ್ನು ಕಂಡ. ಅದೇ ವರ್ಷ ಪ್ರಕಟವಾದ ತನ್ನ ಅಮೆರಿಕ ಪ್ರವಾಸ ಕಥನದಲ್ಲಿ ಹಲವು ಪುಟಗಳನ್ನು ಆಕೆಗೆ ಮೀಸಲಿಟ್ಟ. ಶಾಲೆಯ ಪ್ರದರ್ಶನದ ದಿನಗಳಲ್ಲಿ ಜನ ಕಿಕ್ಕಿರಿದು ಸೇರುತ್ತಿದ್ದರು. ಪುಟ್ಟ ಹುಡುಗಿಯರು ತಮ್ಮ ಗೊಂಬೆಗಳ ಕಣ್ಣು ಕಿತ್ತು, ಲಾರಾಳಂತೆ ಹಸಿರು ಪಟ್ಟಿ ಕಟ್ಟಿ, ಆಕೆಯ ಹೆಸರನ್ನೇ ಇಡುತ್ತಿದ್ದರು.

ಈ ಕೀರ್ತಿಗಿಂತ ಮುಖ್ಯವಾದದ್ದು ಶಿಕ್ಷಕಿಯರ ದಿನಚರಿಗಳು. ಲಾರಾ ಒಬ್ಬಳೇ ಕುಳಿತಾಗಲೂ ಆಕೆಯ ಬೆರಳುಗಳು ತಾವಾಗಿ ಅಕ್ಷರಗಳನ್ನು ಮೂಡಿಸುತ್ತಿದ್ದವು. ನಿದ್ರೆಯಲ್ಲಿ ಕನಸು ಕಾಣುವಾಗಲೂ ಅಸ್ಪಷ್ಟವಾಗಿ ಚಲಿಸುತ್ತಿದ್ದವು. ಮಾತನಾಡುವವರು ತಮ್ಮೊಳಗೇ ಧ್ವನಿಯಲ್ಲಿ ಯೋಚಿಸುವಂತೆ ಆಕೆ ಬೆರಳುಗಳಲ್ಲಿ ಯೋಚಿಸುತ್ತಿದ್ದಳು. ತನಗೆ ಕೇಳಿಸದಿದ್ದರೂ, ಪರಿಚಿತರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಗೆಯ ಗಂಟಲ ಧ್ವನಿಯನ್ನು ಹೆಸರಾಗಿ ಇಟ್ಟುಕೊಂಡಿದ್ದಳು. ಫ್ರಾನ್ಸಿಸ್ ಲೀಬರ್ ಈ ಧ್ವನಿಗಳನ್ನು ಕುರಿತು 1850ರ ಸುಮಾರಿಗೆ ಪ್ರತ್ಯೇಕ ಪ್ರಬಂಧವನ್ನೇ ಬರೆದ. ಕಲಿಸದೆಯೇ ಹುಟ್ಟಿದ ಆ ಧ್ವನಿನಾಮಗಳು ಸಂಕೇತಿಸುವ ಪ್ರವೃತ್ತಿ ಮನುಷ್ಯನಲ್ಲಿ ಎಷ್ಟು ಆಳದ್ದೆಂಬುದನ್ನು ಸೂಚಿಸುತ್ತವೆ.

ಇದಕ್ಕೆ ಹೋಲಿಸಬೇಕಾದ ಇನ್ನೊಂದು ಬದುಕು ಜೂಲಿಯಾ ಬ್ರೇಸ್‌ಳದು. ಎಳವೆಯಲ್ಲಿಯೇ ಕಣ್ಣು ಕಿವಿಗಳನ್ನು ಕಳೆದುಕೊಂಡು ಹಾರ್ಟ್‌ಫರ್ಡ್‌ನ ಕಿವುಡರ ಶಾಲೆಯಲ್ಲಿ ಸಂಜ್ಞೆಗಳಿಂದ ವ್ಯವಹರಿಸುತ್ತಿದ್ದ ಆಕೆಯನ್ನು ಹೌ ಮೂವತ್ತು ದಾಟಿದ ವಯಸ್ಸಿನಲ್ಲಿ ತನ್ನ ಶಾಲೆಗೆ ಕರೆತಂದ. ಲಾರಾಳಿಗೆ ಒಲಿದ ಅಕ್ಷರಭಾಷೆ ಆಕೆಗೆ ಒಲಿಯಲಿಲ್ಲ. ವರ್ಷದೊಳಗೆ ಹಾರ್ಟ್‌ಫರ್ಡ್‌ಗೆ ಮರಳಿದಳು. ಒಳಗಿನ ಶಕ್ತಿಯೊಂದೇ ಸಾಲದು, ಅದನ್ನು ಮುಟ್ಟುವ ಸಕಾಲವೂ ಬೇಕೆಂಬುದಕ್ಕೆ ಈ ವೈಫಲ್ಯ ಸಾಕ್ಷಿಯಾಯಿತು.

5

ಹೌನ ಪ್ರಯೋಗಕ್ಕೆ ಇನ್ನೊಂದು ಮುಖವಿತ್ತು. ಮತಬೋಧೆಯಿಲ್ಲದೆಯೇ, ಸೃಷ್ಟಿಯ ಕ್ರಮವನ್ನು ಅರಿತ ಮನಸ್ಸಿನಲ್ಲಿ ದೈವಭಾವ ತಾನಾಗಿ ಅರಳುತ್ತದೆಂಬುದು ಆತನ ಉದಾರ ನಂಬಿಕೆ. ಇದಕ್ಕಾಗಿ ಲಾರಾಳ ಮುಂದೆ ಧಾರ್ಮಿಕ ಸಿದ್ಧಾಂತಗಳನ್ನು ಎತ್ತಬಾರದೆಂದು ಕಟ್ಟಪ್ಪಣೆ ಮಾಡಿದ್ದ. 1843ರಲ್ಲಿ ಜೂಲಿಯಾ ವಾರ್ಡ್‌ಳನ್ನು ಮದುವೆಯಾಗಿ ಯೂರೋಪಿಗೆ ಹೋದ ಹೌ ಒಂದು ವರ್ಷಕ್ಕೂ ಮೀರಿ ಅಲ್ಲಿಯೇ ಉಳಿದ. ಹದಿಮೂರರ ಹರೆಯದ ಹುಡುಗಿ ಸಾವು, ಆತ್ಮ, ದೇವರುಗಳನ್ನು ಕುರಿತು ಎಡೆಬಿಡದೆ ಕೇಳುತ್ತಿದ್ದಳು. ಆತನಿಲ್ಲದ ಅವಧಿಯಲ್ಲಿ ಸುತ್ತಲಿನವರು ತಮ್ಮ ತಮ್ಮ ಶ್ರದ್ಧೆಗೆ ತಕ್ಕ ಉತ್ತರಗಳನ್ನು ಆಕೆಯ ಅಂಗೈಯಲ್ಲಿ ಬರೆದರು. ಹಿಂದಿರುಗಿದ ಹೌ ತನ್ನ ಪ್ರಯೋಗ ಕೆಟ್ಟಿತೆಂದು ನೊಂದುಕೊಂಡ.

ಆ ನೋವಿನಲ್ಲಿ ತಾತ್ವಿಕವಾದ ತಪ್ಪೊಂದು ಅಡಗಿದೆ. ಭಾಷೆಯನ್ನು ಕೊಟ್ಟ ಮೇಲೆ ಆ ಭಾಷೆಯಲ್ಲಿ ಹರಿದುಬರುವ ಸಮಾಜವನ್ನು ತಡೆಯಲಾಗದು. ಲಾರಾ ಪಡೆದದ್ದು ಕೇವಲ ಹೆಸರುಗಳ ಪಟ್ಟಿಯನ್ನಲ್ಲ. ಆ ಹೆಸರುಗಳನ್ನು ಬಳಸುವ ಜನರ ಭಯ, ಭಕ್ತಿ, ತೀರ್ಮಾನಗಳನ್ನು ಕೂಡ. ಮೇಲಾಗಿ, ಆಕೆ ಪ್ರಶ್ನೆ ಕೇಳುತ್ತಿದ್ದುದು ಸಿದ್ಧಾಂತವೊಂದರ ಪ್ರಮಾಣವಾಗಿ ಅಲ್ಲ, ತನ್ನ ಬದುಕಿನ ಅಗತ್ಯವಾಗಿ. ಹೌ ಮುಂದೆ ಆಕೆಯ ವಿಷಯದಲ್ಲಿ ಮೊದಲಿನ ಉತ್ಸಾಹ ತೋರಲಿಲ್ಲ. ತಂದೆಯಂತೆ ನೆಚ್ಚಿದ್ದವನಲ್ಲಿ ಉಂಟಾದ ಈ ದೂರವನ್ನು ಲಾರಾ ಅನುಭವಿಸಿದಳು.

6

1845ರಿಂದ ಜೊತೆಗಿದ್ದ ಶಿಕ್ಷಕಿ ಸಾರಾ ವೈಟ್ 1850ರಲ್ಲಿ ಬಿಟ್ಟುಹೋದಾಗ ಲಾರಾಳ ಕ್ರಮಬದ್ಧ ಶಿಕ್ಷಣ ಮುಗಿಯಿತು. ಹ್ಯಾನೋವರಿನ ಮನೆಗೆ ಮರಳಿದ ಆಕೆಗೆ ಅಲ್ಲಿ ಬೆರಳಮಾತಿಗೆ ಬಿಡುವಿರುವವರು ವಿರಳ. ದುಡಿಮೆಯ ಮನೆಯಲ್ಲಿ ಮಾತಿಲ್ಲದೆ ಕುಳಿತ ಲಾರಾ ಸೊರಗಿದಳು. ಸಮಾಜಸುಧಾರಕಿ ಡೊರೊತಿಯಾ ಡಿಕ್ಸ್ ಮತ್ತು ಹೌ ನಿಧಿ ಸಂಗ್ರಹಿಸಿ, ಆಕೆ ಪರ್ಕಿನ್ಸ್ ಸಂಸ್ಥೆಯಲ್ಲಿಯೇ ಜೀವನಪರ್ಯಂತ ಇರುವಂತೆ ಏರ್ಪಡಿಸಿದರು. ಈ ಪ್ರಸಂಗ ಪ್ರಸಿದ್ಧಿಯ ಕಥೆಗಳಲ್ಲಿ ಹಿಂದೆ ಸರಿದುಬಿಡುತ್ತದೆ. ಆದರೆ ಮನಸ್ಸಿಗೆ ಬೇಕಾದ ಆಹಾರ ಸಂವೇದನೆಯಷ್ಟೇ ಅಲ್ಲ, ಸಂವಾದ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಘಟನೆ ಆಕೆಯ ಬದುಕಿನಲ್ಲಿ ಇನ್ನೊಂದಿಲ್ಲ. ಸ್ಪರ್ಶ ಹ್ಯಾನೋವರಿನಲ್ಲೂ ಇತ್ತು. ಇಲ್ಲದ್ದು ಆ ಸ್ಪರ್ಶಕ್ಕೆ ಉತ್ತರಿಸುವ ಕೈ.

1862ರಲ್ಲಿ ಲಾರಾ ತನ್ನ ತಂದೆತಾಯಿಯರ ಬ್ಯಾಪ್ಟಿಸ್ಟ್ ಪಂಥದಲ್ಲಿ ದೀಕ್ಷೆ ಪಡೆದಳು. ನಾಲಿಗೆಯ ತುದಿಯಿಂದ ಸೂಜಿಗೆ ದಾರ ಪೋಣಿಸಿ ಹೊಲಿಯುತ್ತ, ಕಸೂತಿಯ ಅಂಚುಗಳನ್ನು ಹೆಣೆದು ಮಾರುತ್ತ, ಅಂಧ ಬಾಲಕಿಯರಿಗೆ ಹೊಲಿಗೆ ಕಲಿಸುತ್ತ, ಕಾಗದಗಳನ್ನೂ ಭಕ್ತಿಪದ್ಯಗಳನ್ನೂ ಆತ್ಮಕಥನದ ಟಿಪ್ಪಣಿಗಳನ್ನೂ ಬರೆಯುತ್ತ ಕಾಲ ಕಳೆದಳು. 1879ರಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್ ಆಕೆಯ ಸಂವೇದನಾಶಕ್ತಿಯನ್ನು ಪರೀಕ್ಷಿಸಿದ ಅಧ್ಯಯನವನ್ನು ಪ್ರಕಟಿಸಿದ. ಆಕೆಯ ಸ್ಪರ್ಶಜ್ಞಾನ ಸಾಮಾನ್ಯರದಕ್ಕಿಂತ ಎರಡು ಮೂರು ಪಟ್ಟು ಸೂಕ್ಷ್ಮವೆಂದು ಅದು ತೋರಿಸಿತು. 1880ರಲ್ಲಿ ಆನ್ ಸುಲಿವನ್ ವಿದ್ಯಾರ್ಥಿನಿಯಾಗಿ ಆ ಶಾಲೆಗೆ ಬಂದು ಲಾರಾಳ ಒಡನಾಟದಲ್ಲಿ ಬೆರಳಭಾಷೆಯನ್ನು ಕಲಿತಳು. 1887ರ ಮಾರ್ಚ್‌ನಲ್ಲಿ ಅಲಬಾಮಾದ ಹೆಲೆನ್ ಕೆಲರ್‌ಳ ಪುಟ್ಟ ಅಂಗೈಯಲ್ಲಿ ಮೂಡಿದ ಮೊದಲ ಅಕ್ಷರಗಳ ಹಿಂದೆ ಲಾರಾಳ ಬೆರಳುಗಳಿದ್ದವು.

7

ಲಾರಾ 1889ರ ಮೇ 24ರಂದು ತೀರಿಕೊಂಡಳು. ಹೆನ್ರಿ ಡೊನಾಲ್ಡ್‌ಸನ್ ಆಕೆಯ ಮಿದುಳನ್ನು ಪರೀಕ್ಷಿಸಿ 1890ರ ದಶಕದ ಮೊದಲಿಗೆ ವರದಿ ಪ್ರಕಟಿಸಿದ. ದೃಷ್ಟಿ, ಶ್ರವಣಗಳಿಗೆ ಸಂಬಂಧಿಸಿದ ತೊಗಟೆಯ ಭಾಗಗಳು ತೆಳುವಾಗಿದ್ದವು. ಮೊದಲು ಕುರುಡಾದ ಎಡಗಣ್ಣಿಗೆ ಸಂಬಂಧಿಸಿದ ಬಲಭಾಗ, ಕೆಲವು ವರ್ಷ ಬೆಳಕು ಕಂಡ ಬಲಗಣ್ಣಿಗೆ ಸಂಬಂಧಿಸಿದ ಎಡಭಾಗಕ್ಕಿಂತ ಹೆಚ್ಚು ತೆಳುವಾಗಿತ್ತು. ಅನುಭವದ ವರ್ಷಗಳು ಮಿದುಳಿನ ರಚನೆಯಲ್ಲಿಯೇ ಅಳತೆಗೆ ಸಿಕ್ಕಿದ್ದವು. ಆದರೆ ಮಿದುಳು ಬಾಡುವುದಷ್ಟೇ ಅಲ್ಲ, ಹೊಂದಿಕೊಳ್ಳುತ್ತದೆ ಎಂಬುದು ಮುಂದೆ ತಿಳಿಯಿತು: ಎಳವೆಯಲ್ಲಿ ಕುರುಡಾದವರು ಬ್ರೈಲ್ ಓದುವಾಗ ಅವರ ದೃಷ್ಟಿಪ್ರದೇಶವೂ ಚುರುಕಾಗುವುದನ್ನು 1990ರ ದಶಕದ ಮಿದುಳು ಚಿತ್ರಣಗಳು ತೋರಿಸಿಕೊಟ್ಟಿವೆ. 2001ರಲ್ಲಿ ಅರ್ನೆಸ್ಟ್ ಫ್ರೀಬರ್ಗ್ ಮತ್ತು ಎಲಿಸಬೆತ್ ಗಿಟ್ಟರ್ ಬರೆದ ಎರಡು ಜೀವನಚರಿತ್ರೆಗಳು ಪ್ರಕಟವಾಗಿ ಲಾರಾಳತ್ತ ಮತ್ತೆ ವಿದ್ವಾಂಸರ ಗಮನ ಸೆಳೆದವು.

ಹಾಗಾದರೆ ಯಾವ ಇಂದ್ರಿಯವೂ ಇಲ್ಲದೆ ಮನಸ್ಸು ಬೆಳೆಯಬಲ್ಲುದೇ? ಲಾರಾಳ ಬದುಕು ಇದಕ್ಕೆ ನೇರ ಉತ್ತರವಲ್ಲ. ಆಕೆಗೆ ಎರಡು ವರ್ಷಗಳ ನೋಟ, ಕೇಳ್ಮೆಗಳ ಪೂರ್ವಾನುಭವವಿತ್ತು. ಹಸಿವು, ನೋವು, ಚಲನೆಗಳ ಒಳ ಅರಿವಿತ್ತು. ಎಲ್ಲಕ್ಕೂ ಮಿಗಿಲಾಗಿ ಸ್ಪರ್ಶವಿತ್ತು. ಭ್ರೂಣಾವಸ್ಥೆಯಲ್ಲಿಯೇ ಸ್ಪರ್ಶ, ಶ್ರವಣಗಳು ತೊಡಗುವುದರಿಂದ ಪೂರ್ಣ ಇಂದ್ರಿಯಶೂನ್ಯ ಮನುಷ್ಯ ಲೋಕದಲ್ಲಿ ಸಿಗಲಾರ. ಸಿಕ್ಕರೂ, ಅವನೊಳಗೆ ಮನಸ್ಸಿದೆಯೇ ಎಂದು ತಿಳಿಯಲು ಹೊರಗಿನವರಿಗೆ ದಾರಿಯಿರದು. ಲಾರಾಳ ಮನಸ್ಸು ಲೋಕಕ್ಕೆ ತಿಳಿದದ್ದೂ ಬೆರಳ ಮೂಲಕವೇ. ಇಬ್ನ್ ಸೀನಾನ ತೇಲುವ ಮನುಷ್ಯನೂ ಅದನ್ನು ಕಲ್ಪಿಸಿದ ಪಂಡಿತನ ಭಾಷೆಯನ್ನು ಎರವಲು ಪಡೆದೇ ತನ್ನ ಇರವನ್ನು ಸಾರುತ್ತಾನೆ.

ಆದರೆ ಈ ಬದುಕು ಪ್ರಶ್ನೆಯ ಎರಡು ಅತಿಗಳನ್ನೂ ತಿದ್ದುತ್ತದೆ. ಇಂದ್ರಿಯಗಳ ಸಂಖ್ಯೆಗೆ ತಕ್ಕಂತೆ ಮನಸ್ಸು ಅಳೆಯಲ್ಪಡುವುದಾಗಿದ್ದರೆ ಲಾರಾ ಮನುಷ್ಯಳ ಐದನೆಯ ಒಂದು ಪಾಲಾಗಿ ಉಳಿಯಬೇಕಿತ್ತು, ಹಾಗಾಗಲಿಲ್ಲ. ಮನಸ್ಸು ಒಳಗಿನಿಂದಲೇ ಪರಿಪೂರ್ಣವಾಗಿದ್ದರೆ ಸುಮಾರು ಆರು ವರ್ಷಗಳ ಮೂಕತನವೂ, ಹ್ಯಾನೋವರಿನ ಸೊರಗುವಿಕೆಯೂ, ಜೂಲಿಯಾ ಬ್ರೇಸ್‌ಳ ತಡವಾದ ಪಾಠದ ವೈಫಲ್ಯವೂ ಸಂಭವಿಸಬೇಕಿರಲಿಲ್ಲ. ಒಂದೇ ಒಂದು ಇಂದ್ರಿಯ, ಅದರ ಮೂಲಕ ಬಂದ ಭಾಷೆ, ಆ ಭಾಷೆಯಲ್ಲಿ ಉತ್ತರಿಸುವ ಇನ್ನೊಂದು ಜೀವ: ಲಾರಾಳ ಮನಸ್ಸಿಗೆ ಬೇಕಾದದ್ದು ಈ ಮೂರು. ಇವುಗಳಲ್ಲಿ ಮೂರನೆಯದು ಕೈತಪ್ಪಿದಾಗ, ಉಳಿದೆರಡು ಇದ್ದೂ ಆಕೆ ಬಾಡಿದಳು.