ಗಣಿತಜ್ಞ ಜಾರ್ಜ್ ಬೂಲ್‌ರನ್ನು ಕೊಂದದ್ದು ಹೆಂಡತಿ ಸುರಿದ ತಣ್ಣೀರೇ?

ಮಳೆಯಲ್ಲಿ ನೆನೆದು ಜ್ವರ ಬಂದ ಗಂಡನ ಮೇಲೆ ಹೆಂಡತಿ ಬಕೆಟ್‌ಗಟ್ಟಲೆ ತಣ್ಣೀರು ಸುರಿದಳಂತೆ, ಆತ ಸತ್ತೇಹೋದನಂತೆ. ಜಾರ್ಜ್ ಬೂಲ್ ಬಗ್ಗೆ ಈ ಕಥೆ ನಿಮಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು ಪೂರ್ತಿ ವಿಷಯ ನೋಡೋಣ.

ಬೂಲ್ ಹುಟ್ಟಿದ್ದು 1815ರಲ್ಲಿ, ಇಂಗ್ಲೆಂಡಿನ ಲಿಂಕನ್‌ನಲ್ಲಿ. ಅಪ್ಪ ಶೂ ಹೊಲಿಯುತ್ತಿದ್ದರು. ಮನೆ ನಡೆಸಲು 16ನೇ ವಯಸ್ಸಿಗೇ ಬೂಲ್ ಮೇಷ್ಟರಾದರು, ಪದವಿ ಓದಲೇ ಇಲ್ಲ. ಆದರೂ 1849ರಲ್ಲಿ ಐರ್ಲೆಂಡಿನ ಕಾರ್ಕ್‌ನ ಕ್ವೀನ್ಸ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾದರು! ತರ್ಕವನ್ನು ಲೆಕ್ಕದಂತೆ ಬರೆಯಬಹುದು ಎಂಬುದು ಅವರ ದೊಡ್ಡ ಯೋಚನೆ. ನಿಜಕ್ಕೆ 1, ಸುಳ್ಳಿಗೆ 0. 'ಮತ್ತು', 'ಅಥವಾ', 'ಅಲ್ಲ' ಎಂಬ ಮಾತುಗಳೇ ಕೂಡು-ಗುಣಿಸುಗಳಂತೆ ಕೆಲಸ ಮಾಡುತ್ತವೆ.

ಹಾಗಂತ ಬೂಲ್ ಕಂಪ್ಯೂಟರ್ ಕಂಡುಹಿಡಿದರು ಎನ್ನುವುದು ತಪ್ಪು. ಈ ಲೆಕ್ಕವನ್ನು ವಿದ್ಯುತ್ ಸ್ವಿಚ್‌ಗಳಿಗೆ ಹೊಂದಿಸಿ ತೋರಿಸಿದ್ದು ಅಮೆರಿಕದ ಕ್ಲಾಡ್ ಶಾನನ್, 1937ರಲ್ಲಿ.

ಇವತ್ತು ಎಫ್‌ಪಿಜಿಎ ಎಂಬ ಚಿಪ್ ಇದೆ. ಫ್ಯಾಕ್ಟರಿಯಿಂದ ಬರುವಾಗ ಅದು ಖಾಲಿ ಸ್ಲೇಟು. ಒಳಗೆ ಸಾವಿರಾರು ಪುಟ್ಟ ಕೋಷ್ಟಕಗಳು. ನಾಲ್ಕು ಒಳದಾರಿಯ ಒಂದು ಕೋಷ್ಟಕಕ್ಕೆ 16 ಸಾಲು, ಪ್ರತಿ ಸಾಲಿಗೂ 0 ಅಥವಾ 1 ಉತ್ತರ. ಅಂದರೆ ಬೂಲ್ ಲೆಕ್ಕವೇ! ಇದನ್ನು ತುಂಬಲು ಜೆಟ್ಯಾಗ್ ಎಂಬ ನಾಲ್ಕು ತಂತಿಗಳ ದಾರಿ ಬಳಸುತ್ತಾರೆ. ಒಂದು ತಾಳ ಹಾಕುತ್ತದೆ, ಒಂದು ಏನು ಮಾಡಬೇಕೆಂದು ಹೇಳುತ್ತದೆ, ಒಂದರಲ್ಲಿ ಬಿಟ್‌ಗಳು ಒಂದರ ಹಿಂದೊಂದು ಒಳಗೆ, ಇನ್ನೊಂದರಲ್ಲಿ ಹೊರಗೆ. ಎಲ್ಲೋ ದಾರಿ ತಪ್ಪಿದರೆ ಆಜ್ಞೆಯ ತಂತಿಯನ್ನು ಐದು ತಾಳ 1ರಲ್ಲೇ ಹಿಡಿದರೆ ಸಾಕು, ಮೊದಲ ಸ್ಥಿತಿಗೆ ಮರಳುತ್ತದೆ. 1990ರಲ್ಲಿ ಮಾನದಂಡವಾದ ಈ ದಾರಿ ಹುಟ್ಟಿದ್ದು ಸರ್ಕ್ಯೂಟ್ ಬೋರ್ಡಿನ ಬೆಸುಗೆ ಪರೀಕ್ಷಿಸಲು. ಚಿಪ್‌ಗೆ ಪಾಠ ಹೇಳುವ ಕೆಲಸ ಆಮೇಲೆ ಸೇರಿಕೊಂಡಿತು.

ಈಗ ತಣ್ಣೀರಿನ ವಿಷಯ. 1864ರ ನವೆಂಬರ್‌ನಲ್ಲಿ ಬೂಲ್ ಸುಮಾರು ಮೂರು ಮೈಲಿ ಮಳೆಯಲ್ಲಿ ನಡೆದು, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿದ್ದು ನಿಜ. ಡಿಸೆಂಬರ್ 8ರಂದು, 49ನೇ ವಯಸ್ಸಿಗೆ, ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ರೋಗ ತಂದದ್ದೇ ರೋಗಕ್ಕೆ ಮದ್ದು ಎಂದು ನಂಬಿದ್ದ ಪತ್ನಿ ಮೇರಿ ಅವರನ್ನು ಒದ್ದೆ ಮಾಡಿದರು ಎಂಬುದು ಹೇಳಿಕೆ. ಅದು ನಡೆದಿದ್ದರೆ ಖಂಡಿತ ಒಳ್ಳೆಯದಾಗಿರಲಿಕ್ಕಿಲ್ಲ. ಆದರೆ ನ್ಯುಮೋನಿಯಾ ತರುವುದು ರೋಗಾಣು, ನೀರಲ್ಲ. ಪೆನ್ಸಿಲಿನ್ ಬರಲು ಇನ್ನೂ ಎಂಬತ್ತು ವರ್ಷ ಬಾಕಿಯಿತ್ತು. ಆಗಿನ ವೈದ್ಯರ ಕೈಯಲ್ಲೂ ಸರಿಯಾದ ಔಷಧಿ ಇರಲಿಲ್ಲ. ಎಲ್ಲ ತಪ್ಪನ್ನೂ ಮೇರಿ ತಲೆಗೆ ಕಟ್ಟುವುದು ನಮಗೆ ಸರಿ ಕಾಣುವುದಿಲ್ಲ.

ಎವರೆಸ್ಟ್ ಶಿಖರಕ್ಕೆ ಹೆಸರು ಕೊಟ್ಟ ಜಾರ್ಜ್ ಎವರೆಸ್ಟ್‌ರ ತಮ್ಮನ ಮಗಳು ಆಕೆ. ಐದು ಹೆಣ್ಣುಮಕ್ಕಳ ತಾಯಿಯಾದ ಅವರು ಲಂಡನ್ನಿನಲ್ಲಿ ಗ್ರಂಥಪಾಲಕಿಯಾದರು, ಆಮೇಲೆ ಮಕ್ಕಳಿಗೆ ಬೀಜಗಣಿತ ಕಲಿಸುವ ಪುಸ್ತಕವನ್ನೂ ಬರೆದರು.